ಒಲೆ ಆರಿದ ಮೇಲಿನ ವಾಸನೆ

ಗಂಗಾ ಬಂದಾಗ ಗಂಡ ಹೆಂಡತಿ ವ್ಯಾನಿನ ಬಾಗಿಲಲ್ಲಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ಹೊಸಪೇಟೆಯಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವ ಅವಳನ್ನು ಹಂಪಿಗೆ ಕರೆಸಿದವರು ಹೆಂಡತಿ ಪಂಪಮ್ಮ. ಕಂಪ್ಲಿಯ ಅಕ್ಕಿ ಗಿರಣಿಯನ್ನು ತಮ್ಮನಿಗೆ ವಹಿಸಿದ ಮೇಲೆ ಅಂದಾನಪ್ಪ ಈ ವ್ಯಾನಿನೊಳಗೆ ಮಂಚ, ಕಪಾಟು, ಒಲೆ ಎಲ್ಲ ಕೂಡಿಸಿ ಹೆಂಡತಿಯೊಡನೆ ಊರೂರು ಸುತ್ತುತ್ತಿದ್ದರು.

"ವಾರ ಆತು ತಂಗಿ, ಮಲಗಿದ್ರ ಗ್ಯಾಸಿನ ವಾಸನಿ. ಇವ್ರು ನೋಡಿದ್ರ, 'ನಿನಗ ಭ್ರಾಂತಿ' ಅಂತಾರ," ಎಂದರು ಪಂಪಮ್ಮ.

"ಸೋಪಿನ ನೀರು ಹಚ್ಚಿ ನಾನ ನೋಡೀನಿ. ಒಂದು ಗುಳ್ಳಿ ಬರ್ಲಿಲ್ಲ," ಎಂದರು ಅಂದಾನಪ್ಪ.

"ಒಲಿ ಉರೀತಿತ್ತೇನ್ರಿ ಆವಾಗ?"

"ಉರೀತಿತ್ತು. ಗ್ಯಾಸ್ ಓಡಿದ್ರನ ಸೋರೋದು ಗೊತ್ತಾಗೋದು."

ಗಂಗಾ ವಾದಿಸಲಿಲ್ಲ. ಎಂಟು ವರ್ಷದ ಕೆಲಸದಲ್ಲಿ ಅವಳು ಕಲಿತದ್ದು, ಬಾಯಿಗಿಂತ ಕೊಳವೆ ಚೆನ್ನಾಗಿ ಹೇಳುತ್ತದೆ ಎಂಬುದನ್ನು. ಗ್ಯಾಸಿನ ಒತ್ತಡ ಅಳೆಯಲು ಹಲಗೆಗೆ ಬಿಗಿದ, ಅರ್ಧ ನೀರು ತುಂಬಿದ ಬಾಗಿದ ಕೊಳವೆಯೊಂದನ್ನು ಚೀಲದಿಂದ ತೆಗೆದು, ಅದರ ಒಂದು ತುದಿಯನ್ನು ಒಲೆಯ ಒಂದು ಬರ್ನರಿನ ಗ್ಯಾಸ್ ಬಾಯಿಗೆ ಸಿಕ್ಕಿಸಿದಳು. ಇನ್ನೊಂದು ಬರ್ನರ್ ಹಚ್ಚಿದಾಗ ಕೊಳವೆಯ ನೀರು ಏರಿ, ಹಲಗೆಯ ಮೇಲಿನ ಗುರುತಿನ ಹತ್ತಿರ ನಿಂತಿತು.

"ಸರಿ ಐತಲ್ಲ!" ಎಂದರು ಅಂದಾನಪ್ಪ.

ಗಂಗಾ ಉರಿ ಆರಿಸಿದಳು. ಸ್ವಲ್ಪ ಏರಿ ನಿಲ್ಲಬೇಕಾದ ನೀರು ನಿಲ್ಲಲಿಲ್ಲ. ಗುರುತು ದಾಟಿ ಮೆಲ್ಲಗೆ ಏರುತ್ತಲೇ ಹೋಯಿತು.

"ರೆಗ್ಯುಲೇಟರ್ ಸವದೈತ್ರಿ. ಒಲಿ ಉರಿಯೋ ತನಕ ಹೆಚ್ಚಿನ ಗ್ಯಾಸ್ ಅಲ್ಲೇ ಸುಡ್ತದ. ಆರಿಸಿದ ಮ್ಯಾಲೆ ಹಾದಿ ಇಲ್ದ ಈ ಕಿಂಡ್ಯಾಗ ಹೊರಗ ಬರ್ತದ." ರೆಗ್ಯುಲೇಟರಿನ ಪಕ್ಕದ ಸಣ್ಣ ಕಿಂಡಿಗೆ ಸೋಪಿನ ನೀರು ಹಚ್ಚಿದಳು. ಗುಳ್ಳೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು.

ಪಂಪಮ್ಮ ಗಂಡನ ಕಡೆ ಒಮ್ಮೆ ನೋಡಿದರು, ಅಷ್ಟೇ.

ಗಂಗಾ ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ಎಲ್ಲ ತೆರೆಸಿ, ಸ್ಪ್ಯಾನರ್ ಹಾಕಿದಳು. ಪೈಪಿನಲ್ಲಿ ಉಳಿದಿದ್ದ ಗ್ಯಾಸ್ ಪುಸ್ಸೆಂದು ಹೊರಬಂತು. ಅವಳು ಮುಖ ತಿರುಗಿಸಿದಳು, ಪಂಪಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅಂದಾನಪ್ಪ ಮಾತ್ರ ಅದರ ಮೇಲೇ ಬಗ್ಗಿ ನೋಡುತ್ತ ನಿಂತಿದ್ದರು.

"ಯಜಮಾನ್ರ, ನಿಮಗ ವಾಸನಿ ಬರ್ಲಿಲ್ಲೇನ್ರಿ?"

ಅಂದಾನಪ್ಪ ನೆಟ್ಟಗಾದರು. ಹೊರಗೆ ಬಾಳೆ ತೋಟದಲ್ಲಿ ಪಂಪ್‌ಸೆಟ್ಟಿನ ಸದ್ದು ಕೇಳುತ್ತಿತ್ತು.

"ಬರಂಗಿಲ್ಲವ್ವ," ಎಂದರು. "ಹಿಂದ ದೊಡ್ಡ ಜ್ವರ ಬಂದಾಗಿಂದ ಯಾವ ವಾಸನೀನೂ ಬರಂಗಿಲ್ಲ."

"ಮತ್ತ ದಿನಾ ಸಾರು ಘಮ್ಮಂತದ ಅಂತೀರಿ?" ಪಂಪಮ್ಮನ ದನಿ ಏರಲಿಲ್ಲ.

"ನೀ ಅಷ್ಟು ಕಷ್ಟಪಟ್ಟು ಮಾಡ್ತಿದ್ದಿ. ಏನನ್ಲಿ?"

"ವಾಸನಿ ಬರಂಗಿಲ್ಲ ಅನ್ಬೇಕಿತ್ತು. ವಾರಪೂರ್ತಿ ನನಗ ತಲಿ ಕೆಟ್ಟೈತೇನೋ ಅಂದ್ಕೊಂಡಿದ್ದೆ."

ಗಂಗಾ ತಲೆ ಎತ್ತದೆ ಹೊಸ ರೆಗ್ಯುಲೇಟರ್ ಕೂಡಿಸಿದಳು, ಒಲೆ ಹಚ್ಚಿ ಆರಿಸಿ ನೋಡಿದಳು. ಈ ಸಲ ನೀರು ಬೆರಳಷ್ಟು ಏರಿ ನಿಂತಿತು. ಹತ್ತು ನಿಮಿಷ ಕಾದರೂ ಅಲುಗಲಿಲ್ಲ. ಪ್ರತಿ ಜೋಡಣೆಗೂ ಸೋಪು ಹಚ್ಚಿದಳು. ಎಲ್ಲೂ ಗುಳ್ಳೆ ಇಲ್ಲ.

"ಅಡಗಿ ಮುಗದ ಮ್ಯಾಲೆ ಸಿಲಿಂಡರ್ ಬಂದ್ ಮಾಡ್ರಿ. ಗ್ಯಾಸ್ ಸೋರಿದ್ರ ಕೂಗೋ ಅಲಾರಾಂ ಬರ್ತದ, ಒಂದು ಹಾಕಿಸ್ರಿ."

"ಅಲಾರಾಂ ಹಾಕಿಸ್ತೀನಿ," ಎಂದು ಅಂದಾನಪ್ಪ ಹೆಂಡತಿಗೆ ಹೇಳಿದರು, ಗಂಗಾಳಿಗಲ್ಲ.

ಮಧ್ಯಾಹ್ನ ಅವರು ಸಂಡೂರಿಗೆ ಹೊರಡಬೇಕಿತ್ತು. "ಇವತ್ತು ಬ್ಯಾಡ," ಎಂದರು ಪಂಪಮ್ಮ. "ಮೊದ್ಲು ಹೊಸಪೇಟೆ ದವಾಖಾನಿ, ಮೂಗು ತೋರಿಸೋಣ."

ಅಂದಾನಪ್ಪ ವ್ಯಾನಿನ ಚಾವಿ ಹುಡುಕತೊಡಗಿದರು.