ನಲವತ್ತೊಂದು ಸೆಕೆಂಡು

ಆ ಸ್ನಾತಕೋತ್ತರ ಪದವಿಯ ಹೆಸರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ: ಮಾನವಿಕ, ಸಮಾಜ ಮತ್ತು ತಂತ್ರಜ್ಞಾನಗಳ ಅಂತರಶಿಸ್ತೀಯ ಅಧ್ಯಯನ. ಮೂರು ವಿಭಾಗಗಳಿಗೂ ಬೇಡವಾದ ಮೇಜುಗಳನ್ನು ಒಂದೇ ಕೋಣೆಗೆ ತಳ್ಳಿ, ಬಾಗಿಲಿಗೆ ಪ್ರಯೋಗಾಲಯ ಎಂದು ಹಲಗೆ ತೂಗುಹಾಕಿದ್ದರು. ಅಲ್ಲಿ ಕವಿತೆ ಓದಿ ಬಂದವರು ಯಂತ್ರಗಳ ಬಗ್ಗೆ ಕೊರೆಯುತ್ತಿದ್ದರು, ಯಂತ್ರ ಕಲಿತು ಬಂದವರು ಮನುಷ್ಯರ ಬಗ್ಗೆ. ಎರಡನ್ನೂ ಅರಿಯದ ನಿರ್ದೇಶಕರು ಎಲ್ಲದಕ್ಕೂ ತಲೆದೂಗುತ್ತಿದ್ದರು. ಬಾಯಿ ಬಿಡದೆ ಕೂರುತ್ತಿದ್ದವಳು ಒಬ್ಬಳೇ. ಸಹಪಾಠಿಗಳು ಅವಳಿಗೆ ಮೌನಿ ಎಂದು ಹೆಸರಿಟ್ಟಿದ್ದರು.

ಮೌನಿ ಪ್ರಬಂಧ ಬರೆಯುತ್ತಿದ್ದುದು ತನ್ನ ಸೋದರತ್ತೆಯ ಕೆಲಸದ ಬಗ್ಗೆ. ಅತ್ತೆ ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತಿಗೆ ಮಾತು ಜೋಡಿಸಿದವಳು. ತನ್ನಷ್ಟಕ್ಕೆ ತಾನೇ ಕರೆ ಜೋಡಿಸುವ ಯಂತ್ರ ಬಂದ ವಾರವೇ ಅವಳನ್ನೂ ಜೊತೆಯ ಹದಿನೆಂಟು ಹೆಂಗಸರನ್ನೂ ಮನೆಗೆ ಕಳಿಸಿದ್ದರು. "ಆ ಮೆಷಿನ್ ಬಂದಾಗ ನಿಮಗೆಲ್ಲ ಒಪ್ಪಿಗೆ ಇತ್ತಾ ಅತ್ತೆ?" ಎಂದು ಮೌನಿ ಕೇಳಿದ್ದಳು. ಧ್ವನಿಮುದ್ರಿಕೆಯಲ್ಲಿ ಆಮೇಲೆ ಲೋಟ ಕೆಳಗಿಟ್ಟ ಸದ್ದು. ಅಲ್ಲಿಂದ ನಲವತ್ತೊಂದು ಸೆಕೆಂಡು ಏನೂ ಇಲ್ಲ. ಉಸಿರು, ಒಮ್ಮೆ ಕುರ್ಚಿ ಕಿರುಗುಟ್ಟಿದ್ದು. ಕೊನೆಗೆ, "ಹೂಂ."

ವಿಭಾಗಕ್ಕೆ ತನ್ನದೇ ಪದ್ಧತಿಯಿತ್ತು. ಪ್ರತಿ ಮುದ್ರಿಕೆಯೂ ಮೊದಲು ಒಂದು ತಂತ್ರಾಂಶದ ಬಾಯಿಗೆ ಬೀಳಬೇಕು. ಎರಡು ಸೆಕೆಂಡಿಗಿಂತ ಹೆಚ್ಚು ಯಾರಾದರೂ ಸುಮ್ಮನಿದ್ದರೆ ಅದು ಆ ಭಾಗವನ್ನು ಕತ್ತರಿಸಿ ಬಿಸಾಡುತ್ತಿತ್ತು. ಇದಕ್ಕೆ ಅವರು ಶುಚಿ ಮಾಡುವುದು ಎನ್ನುತ್ತಿದ್ದರು. ಶುಚಿಯಾಗಿ ಹೊರಬಂದ ಅತ್ತೆ, ಪ್ರಶ್ನೆಗೇ ಕಾದು ಕೂತಿದ್ದವಳಂತೆ ಹೂಂ ಅಂದಿದ್ದಳು. ವಿಭಾಗದ ಪ್ರದರ್ಶನಕ್ಕೆಂದು ಮಾಡಿಸಿದ ಗೋಡೆಯ ಫಲಕದಲ್ಲಿ ಅವಳ ಫೋಟೋದ ಕೆಳಗೆ 'ತಂತ್ರಜ್ಞಾನವನ್ನು ನಗುನಗುತ್ತಾ ಸ್ವಾಗತಿಸಿದ ಮಹಿಳೆ' ಎಂದು ಅಚ್ಚೂ ಆಗಿಬಿಟ್ಟಿತ್ತು.

ಮೌನಿ ತಕರಾರು ತೆಗೆದಾಗ ನಿರ್ದೇಶಕರು ಪೆನ್ನಿಗೆ ಮುಚ್ಚಳ ಹಾಕಿದರು. ಸುಮ್ಮನಿದ್ದದ್ದನ್ನು ಕೋಷ್ಟಕದ ಯಾವ ಕಾಲಮಿಗೆ ತುಂಬುವುದು ಎಂಬುದು ಅವರ ಪ್ರಶ್ನೆ. ಪ್ರದರ್ಶನದಲ್ಲಿ ಶುಚಿಯಾದದ್ದನ್ನೇ ಕೇಳಿಸಬೇಕು, ಇಲ್ಲವಾದರೆ ಪ್ರಬಂಧಕ್ಕೆ ಸಹಿ ಇಲ್ಲ ಎಂದುಬಿಟ್ಟರು.

ಪ್ರದರ್ಶನದ ದಿನ ಅತ್ತೆ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮೌನಿ ಕತ್ತರಿ ಬೀಳದ ಮುದ್ರಿಕೆಯನ್ನೇ ಹಾಕಿದಳು. ಪ್ರಶ್ನೆ ಕೇಳಿಸಿತು, ಲೋಟದ ಸದ್ದು ಕೇಳಿಸಿತು. ಐದು ಸೆಕೆಂಡಿಗೆ ಮುಖ್ಯ ಅತಿಥಿ ಮೊಬೈಲ್ ಹೊರತೆಗೆದರು. ಒಂಬತ್ತಕ್ಕೆ ನಿರ್ದೇಶಕರು ಕಣ್ಸನ್ನೆ ಮಾಡಿದರು. ಹನ್ನೆರಡಕ್ಕೆ, ಇಂಜಿನಿಯರಿಂಗ್ ಓದಿ ಬಂದಿದ್ದ ಸಹಪಾಠಿಯೊಬ್ಬ ಮೇಜಿನಡಿ ನುಗ್ಗಿ, ಸ್ಪೀಕರಿನ ವೈರು ಕಿತ್ತು, ಊದಿ, ಮತ್ತೆ ಚುಚ್ಚಿ, ಶುಚಿಯಾದ ಪ್ರತಿಯನ್ನೇ ಹಾಕಿಬಿಟ್ಟ. ಹೂಂ ಬಂತು. ಚಪ್ಪಾಳೆಯೂ ಬಂತು.

ಎರಡು ಮಾತಾಡಿ ಎಂದು ನಿರ್ದೇಶಕರು ಅತ್ತೆಯ ಕೈಗೆ ಮೈಕು ಕೊಟ್ಟರು. ಅತ್ತೆ ಅದನ್ನು ಹಿಡಿದು ಸುಮ್ಮನೆ ನಿಂತಳು. ಇಂಜಿನಿಯರು ವೈರು ತಡಕುತ್ತಾ ಮತ್ತೆ ಓಡಿ ಬಂದ.

"ಲೈನ್ ಸರಿಯಾಗೇ ಇದೆ ಕಣಪ್ಪಾ," ಎಂದಳು ಅತ್ತೆ. "ಆ ಕಡೆ ಯಾರೂ ಎತ್ತಿಲ್ಲ, ಅಷ್ಟೇ."

ಮುಖ್ಯ ಅತಿಥಿ ಗಹಗಹಿಸಿ ನಕ್ಕರು. ಅವರು ನಕ್ಕರೆಂದು ನಿರ್ದೇಶಕರು ನಕ್ಕರು, ನಿರ್ದೇಶಕರು ನಕ್ಕರೆಂದು ಇಡೀ ವಿಭಾಗ ನಕ್ಕಿತು.

ಬಸ್ ನಿಲ್ದಾಣದಲ್ಲಿ ಅತ್ತೆ, "ಎಷ್ಟು ಹೊತ್ತು ಓಡ್ತೇ, ನಾನು ಸುಮ್ಮನಿದ್ದದ್ದು?" ಎಂದು ಕೇಳಿದಳು.

"ಹನ್ನೆರಡು ಸೆಕೆಂಡು, ಅತ್ತೆ."

"ಪರವಾಗಿಲ್ಲ ಬಿಡೇ. ಆವತ್ತು ನಮ್ಮ ಎಕ್ಸ್‌ಚೇಂಜ್ ಮ್ಯಾನೇಜರು ಅಷ್ಟೂ ಕಾದಿರಲಿಲ್ಲ."

ಮರುದಿನ ನಿರ್ದೇಶಕರು ಖುಷಿಯಲ್ಲಿದ್ದರು. ಮುಖ್ಯ ಅತಿಥಿಗೆ ಅಷ್ಟು ನಗು ಬಂದ ಮೇಲೆ ಸಹಿಗೇನು ಅಡ್ಡಿ, ಹಾಕಿಯೇ ಬಿಟ್ಟರು. ಮುದುಕಿಯ ಆ ತಮಾಷೆಯ ಮಾತನ್ನೂ ಫಲಕಕ್ಕೆ ಸೇರಿಸೋಣ, ಮನೆಯವರ ಒಪ್ಪಿಗೆ ಇದೆಯಲ್ಲವೇ ಎಂದು ಕೇಳುತ್ತಾ ಒಂದು ನಮೂನೆ ಹೊರತೆಗೆದರು. ಮೌನಿ ಅವರ ಮುಖವನ್ನೇ ನೋಡುತ್ತಾ ನಿಂತಳು.

ಮೂರನೆಯ ಸೆಕೆಂಡಿಗೆ ಅವರು 'ಒಪ್ಪಿಗೆ ಇದೆ' ಎಂಬ ಚೌಕದಲ್ಲಿ ಗುರುತು ಹಾಕಿಕೊಂಡರು.