ಎಲ್ಲರೂ ಅವಳ ಕಡೆಯವರೇ

ಹೆಂಡತಿ ತೀರಿಕೊಂಡು ಕೆಲವು ತಿಂಗಳಾದ ಮೇಲೆ ಅವನಿಗೆ ಒಂದು ಸಂಗತಿ ಹೊಳೆಯಿತು. ಮನೆಗೆ ಬರುತ್ತಿದ್ದ ಫೋನುಗಳೆಲ್ಲ ಅವಳಿಗೇ ಬರುತ್ತಿದ್ದವು. ಅವನ ಒಡಹುಟ್ಟಿದ ಅಣ್ಣನೇ ಕರೆ ಮಾಡಿದರೂ, "ಇರು, ಅವಳಿಗೆ ಕೊಡ್ತೀನಿ" ಎಂದು ಇವನು ದಾಟಿಸಿಬಿಡುತ್ತಿದ್ದ. ಯಾರಿಗೆ ಹುಷಾರಿಲ್ಲ, ಯಾರ ಮಗಳಿಗೆ ಕೆಲಸ ಸಿಕ್ಕಿತು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದನ್ನೆಲ್ಲ ಅವಳು ಊಟದ ಹೊತ್ತಿಗೆ ಹೇಳುತ್ತಿದ್ದಳು. ಇವನು ತಟ್ಟೆ ನೋಡಿಕೊಂಡು ಹೂಂಗುಟ್ಟುತ್ತಿದ್ದ. ಅವಳು ಹೋದಮೇಲೆ ಮೊದಲು ದಿನಕ್ಕೆ ಹತ್ತಾರು ಕರೆ ಬಂದವು, ಆಮೇಲೆ ವಾರಕ್ಕೊಂದು, ಆಮೇಲೆ ಅದೂ ಇಲ್ಲ. ಯಾರನ್ನು ದೂರುವುದು? ಮಾತು ಬೆಳೆಸಿದವರಿಗೆ ಒಂದಕ್ಷರದ ಉತ್ತರ ಕೊಟ್ಟು ಕಳಿಸಿದವನು ತಾನೇ.

ಅವನ ಕೆಲಸವೂ ಮಾತು ಬೇಡುವಂಥದ್ದಲ್ಲ. ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ, ಉದ್ದನೆಯ ಮೇಜಿನ ಮುಂದೆ ಕೂತು ಹಲ್ಲುಸೆಟ್ ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚಿಗೆ ಗುಲಾಬಿ ಮೇಣದ ವಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲನ್ನು ಕೂರಿಸಬೇಕು. ಯಾರದೋ ನಗು ಅವನ ಕೈಯಲ್ಲಿ ತಯಾರಾಗಿ ಡಬ್ಬಿಯೊಳಗೆ ಹೊರಟುಹೋಗುತ್ತಿತ್ತು. ನಕ್ಕವರನ್ನು ಅವನು ಕಂಡದ್ದಿಲ್ಲ. ಜೊತೆಯವರು ಅವನನ್ನು ಗುಮ್ಮಣ್ಣ ಎಂದು ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವನಿಗೆ ಬೇಸರವಿರಲಿಲ್ಲ.

ಒಂದು ಮಧ್ಯಾಹ್ನ ಅವನು ಮೇಣ ಕರಗಿಸುವ ಚಾಕುವನ್ನು ಉರಿಗೆ ಹಿಡಿದು ಹಾಗೇ ಕೂತುಬಿಟ್ಟ. ಕಾದ ಚಾಕುವಿನಿಂದ ಮೇಣ ತೊಟ್ಟಿಕ್ಕಿ ಅವನ ತೊಡೆಯ ಮೇಲೆ ಬೀಳುತ್ತಿತ್ತು. ಮಾಲೀಕ ಬಂದು ಕೈ ಹಿಡಿದು ಎಳೆಯುವವರೆಗೆ ಅವನಿಗೆ ಅದರ ಪರಿವೆಯೇ ಇರಲಿಲ್ಲ. ಮಾಲೀಕ ಬೈಯಲಿಲ್ಲ. "ನಾಳೆ ಕೆಲಸಕ್ಕೆ ಬರಬೇಡ, ಮೊದಲು ಡಾಕ್ಟರ ಹತ್ರ ಹೋಗು. ಚರ್ಮಕ್ಕಲ್ಲ, ಮನಸ್ಸಿಗೆ," ಎಂದ.

ಡಾಕ್ಟರಮ್ಮ ನಿದ್ದೆ, ಊಟ ಎಲ್ಲ ವಿಚಾರಿಸಿದರು. ಕೊನೆಗೆ, "ಮನಸ್ಸಿಗೆ ತೀರಾ ಕಷ್ಟ ಆದಾಗ ಯಾರ ಹತ್ರ ಮಾತಾಡ್ತೀರಾ?" ಎಂದು ಕೇಳಿದರು.

"ಹೆಂಡತಿ ಹತ್ರ," ಎಂದ ಅವನು. ಹೇಳಿದ ಮೇಲೆ ತುಟಿ ಕಚ್ಚಿಕೊಂಡ.

"ಅವರನ್ನ ಬಿಟ್ರೆ?"

ಅವನು ಗೋಡೆ ನೋಡಿದ. ಎಷ್ಟು ಹುಡುಕಿದರೂ ಒಂದು ಹೆಸರೂ ನಾಲಿಗೆಗೆ ಬರಲಿಲ್ಲ. ನೆನಪಾದವರೆಲ್ಲ ಅವಳ ಕಡೆಯವರೇ.

"ಮಾತ್ರೆ ನಾನು ಬರೆದುಕೊಡ್ತೀನಿ," ಎಂದರು ಡಾಕ್ಟರಮ್ಮ. "ಜನರನ್ನ ಬರೆದುಕೊಡೋಕೆ ಆಗಲ್ವಲ್ಲ. ಅವರನ್ನ ನೀವೇ ಹುಡುಕ್ಕೋಬೇಕು. ಒಬ್ಬರ ಮೇಲೇ ಎಲ್ಲ ಭಾರ ಹಾಕಬೇಡಿ. ಇಬ್ಬರೋ ಮೂವರೋ ಇರಲಿ."

ಭಾನುವಾರ ಅವನು ಅಣ್ಣನ ಮನೆಗೆ ಹೋದ. ಅಣ್ಣ ಟೀವಿ ಮುಂದೆ ಕೂತಿದ್ದ. ನೀರಿನ ಪಂಪು ಕೆಟ್ಟದ್ದು, ರಿಪೇರಿಯವನು ಸತಾಯಿಸಿದ್ದು, ಎಲ್ಲ ಮಾತಾಯಿತು. ಮಾತು ನಿಂತ ಜಾಗದಲ್ಲಿ ಇವನು, "ಅಣ್ಣಾ, ಬೆಳಿಗ್ಗೆ ಎದ್ದರೆ ಯಾಕಾದ್ರೂ ಎದ್ದೆನೋ ಅನ್ಸುತ್ತೆ," ಎಂದ.

ಅಣ್ಣ ರಿಮೋಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ವಯಸ್ಸಾಗಿದೆ ನಿನಗೆ. ಹೀಗೆಲ್ಲ ಅತ್ತುಕೊಂಡು ಕೂತ್ರೆ ನೋಡಿದೋರು ಏನಂತಾರೆ? ಗಂಡಸು ಎದೆ ಗಟ್ಟಿ ಮಾಡ್ಕೋಬೇಕು," ಎಂದವನು ಟೀವಿಯ ಸದ್ದು ಏರಿಸಿದ. ಹೊರಡುವಾಗ ಅತ್ತಿಗೆ ಒಂದು ಡಬ್ಬಿ ಊಟ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ತೊಡೆಯ ಮೇಲಿನ ಡಬ್ಬಿ ಬೆಚ್ಚಗಿತ್ತು. ಅವನಿಗೆ ನಾಚಿಕೆಯಿಂದ ಮೈ ಹಿಡಿಯಾದಂತಾಗಿತ್ತು. ಹೇಳಬಾರದವರ ಹತ್ತಿರ ಹೇಳಿಬಿಟ್ಟೆ, ಇನ್ನು ಸತ್ತರೂ ಬಾಯಿಬಿಡುವುದಿಲ್ಲ ಎಂದುಕೊಂಡ. ಹಾಗೇ ಬಹಳ ದಿನ ಕಳೆದ.

ಅವನ ಕೆಲಸದ ಜಾಗದಲ್ಲಿ ಹಲ್ಲಿಗೆ ಹೊಳಪು ಕೊಡುವ ಯಂತ್ರದ ಮುಂದೆ ಕೂರುವವನೊಬ್ಬನಿದ್ದ. ಯಂತ್ರ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಅದಕ್ಕೇ ರೇಡಿಯೋ ಎಂದು ಹೆಸರು. ಇಷ್ಟು ವರ್ಷ ಇವನು ಊಟದ ಹೊತ್ತಿಗೆ ರೇಡಿಯೋದಿಂದ ದೂರದ ಮೂಲೆ ಹುಡುಕುತ್ತಿದ್ದ. ಒಂದು ದಿನ ಆ ಮೂಲೆಯಲ್ಲಿ ಯಾರೋ ಸಾಮಾನು ಪೇರಿಸಿದ್ದರು. ವಿಧಿಯಿಲ್ಲದೆ ಇವನು ರೇಡಿಯೋದ ಎದುರಿಗೇ ಕೂತ. ರೇಡಿಯೋ ತನ್ನ ಮಂಡಿನೋವಿನಿಂದ ಶುರುಮಾಡಿ ಮೇಲಿನ ಮನೆಯವರ ನಾಯಿಯವರೆಗೆ ಬಂದ.

"ನನಗೆ ಡಾಕ್ಟರು ಮನಸ್ಸಿನ ಮಾತ್ರೆ ಕೊಟ್ಟಿದ್ದಾರೆ," ಎಂದ ಇವನು, ನಾಯಿಯ ಕತೆಯ ನಡುವೆಯೇ.

ರೇಡಿಯೋದ ತುತ್ತು ಕೈಯಲ್ಲೇ ಉಳಿಯಿತು. "ಇಂಥದ್ದಕ್ಕೆಲ್ಲ ಏನು ಹೇಳ್ಬೇಕು ಅಂತ ನನಗೆ ಗೊತ್ತಾಗಲ್ಲ ಗುಮ್ಮಣ್ಣ," ಎಂದ ಕೊನೆಗೆ. "ಸಂಜೆ ಜೊತೇಲಿ ನಡ್ಕೊಂಡು ಹೋಗೋಣ ಬೇಕಾದ್ರೆ. ಬಸ್ ಸ್ಟಾಪಿನವರೆಗೆ. ಮಾತು ನನಗೆ ಬಿಡು."

ಆ ಸಂಜೆಯಿಂದ ಇಬ್ಬರೂ ಒಟ್ಟಿಗೆ ನಡೆಯತೊಡಗಿದರು. ಅದರಿಂದ ದುಃಖ ಕಡಿಮೆಯಾಯಿತೆಂದಲ್ಲ. ಕೆಲವು ಸಲ ರೇಡಿಯೋದ ಮಾತು ಕೇಳಿ ತಲೆ ಚಿಟ್ಟುಹಿಡಿಯುತ್ತಿತ್ತು. ಆದರೂ ಅಷ್ಟು ದೂರ ದಾರಿ ಒಬ್ಬನದೇ ಆಗಿರಲಿಲ್ಲ.

ಡಾಕ್ಟರಮ್ಮ ಹೇಳಿದ ಇಬ್ಬರು ಮೂವರಲ್ಲಿ ಉಳಿದವಳು ನಾದಿನಿ, ಹೆಂಡತಿಯ ತಂಗಿ. ಅವಳು ಎಷ್ಟೋ ಸಲ ಫೋನ್ ಮಾಡಿದ್ದಳು, ಇವನು ಎತ್ತಿರಲಿಲ್ಲ. ಕಾರಣ ಯಾರಿಗೂ ಹೇಳುವಂಥದ್ದಲ್ಲ. ಅಕ್ಕತಂಗಿಯರದು ಒಂದೇ ದನಿ. ಮೊದಲೆಲ್ಲ ಫೋನಿನಲ್ಲಿ ಇವನೇ ಏಮಾರಿ, ತರಕಾರಿ ಏನು ತರಲಿ ಎಂದು ನಾದಿನಿಯನ್ನು ಕೇಳಿ ನಗೆಪಾಟಲಾಗಿದ್ದ.

ರಜೆಯ ಒಂದು ಬೆಳಿಗ್ಗೆ ಧೈರ್ಯ ಮಾಡಿ ಕರೆ ಮಾಡಿದ. ಅತ್ತಲಿಂದ "ಹಲೋ" ಎಂದಿತು. ಅವನು ಕಟ್ ಮಾಡಿಬಿಟ್ಟ. ಮರುಕ್ಷಣ ಅವಳೇ ಮಾಡಿದಳು.

"ಭಾವ, ಯಾಕೆ ಇಟ್ಬಿಟ್ರಿ?"

"ನಿನ್ನ ದನಿ..." ಎಂದವನೇ ಅತ್ತುಬಿಟ್ಟ.

ಅವಳು ಸಮಾಧಾನ ಹೇಳುತ್ತಾಳೆಂದುಕೊಂಡಿದ್ದ. ಅವಳಿಗೆ ಸಿಟ್ಟು ಬಂತು. "ಅಕ್ಕ ನಿಮಗೊಬ್ಬರಿಗೇ ಸತ್ತಿದ್ದಾ? ನನಗೆ ಸತ್ತಿಲ್ವಾ? ಎಷ್ಟು ಸಲ ಫೋನ್ ಮಾಡಿದೆ ನಾನು! ಮಗುಗೆ ಕತೆ ಓದೋಕೆ ಕೂತ್ರೆ ನನ್ನ ದನಿ ನನಗೇ ಕೇಳೋಕಾಗಲ್ಲ. ಅದನ್ನ ಯಾರಿಗೆ ಹೇಳ್ಲಿ? ನಮ್ಮ ಮನೆಯವರಿಗೆ ಅರ್ಥ ಆಗಲ್ಲ."

ಅಳುತ್ತಿದ್ದವನು ಅಳು ಮರೆತು ಕೇಳಿಸಿಕೊಂಡ. ಇದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಇನ್ಮೇಲೆ ಎತ್ತಬೇಕು," ಎಂದಳು ಅವಳು ಮೂಗು ಸೀಟುತ್ತಾ. "ನೀವೂ ಮಾಡ್ಬೇಕು. ಹೇಗಿದ್ದೀಯ ಅಂತ ನನ್ನನ್ನೂ ಕೇಳ್ಬೇಕು."

ಇಷ್ಟಾದರೂ ಚಳಿಗಾಲದ ಒಂದು ಬೆಳಿಗ್ಗೆ ಅವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕಾಲು ತನ್ನದಲ್ಲ ಎನ್ನಿಸಿತು. ಕೆಟ್ಟ ಯೋಚನೆಗಳು ಬಂದವು. ಫೋನು ತಲೆದಿಂಬಿನ ಕೆಳಗಿತ್ತು. ಅದನ್ನು ತೆಗೆಯುವುದೇ ಮಹಾ ಕೆಲಸವಾಯಿತು. "ಏಳಕ್ಕಾಗ್ತಿಲ್ಲ. ಒಬ್ಬನೇ ಇರೋಕೆ ಭಯ ಆಗ್ತಿದೆ," ಎಂದಷ್ಟೇ ರೇಡಿಯೋಗೆ ಹೇಳಿದ. ರೇಡಿಯೋ ಕೆಲಸಕ್ಕೆ ರಜೆ ಹಾಕಿ ಬಂದ. ಬಾಗಿಲಲ್ಲೇ ಮಾತು ಶುರು. ಮಾತಾಡುತ್ತಲೇ ಅಡುಗೆಮನೆಯ ಎಂಜಲು ಪಾತ್ರೆಗಳನ್ನೆಲ್ಲ ತೊಳೆದ, ಟೀ ಮಾಡಿದ, ಶರ್ಟು ಹುಡುಕಿಕೊಟ್ಟ, ಆಟೋ ಕರೆದು ಡಾಕ್ಟರಮ್ಮನ ಹತ್ತಿರ ಕರೆದೊಯ್ದ. ಮಾತ್ರೆ ಬದಲಾಯಿತು. ನಾದಿನಿ ಆ ವಾರವೆಲ್ಲ ದಿನಾ ಫೋನ್ ಮಾಡಿದಳು. ಅಣ್ಣನಿಗೂ ಸುದ್ದಿ ಹೋಯಿತು. ಅವನು ಬರಲಿಲ್ಲ, ಫೋನೂ ಮಾಡಲಿಲ್ಲ. ಅದೊಂದು ಮುಳ್ಳು ಹಾಗೇ ಉಳಿಯಿತು.

ಆಮೇಲೆ ಒಂದು ಶನಿವಾರ ನಾದಿನಿಯ ಕರೆ ಬಂತು. "ಭಾವ, ಇವತ್ತು ನನ್ನ ಕೈಲಿ ಆಗ್ತಿಲ್ಲ," ಎಂದಳು.

"ಬರ್ತೀನಿ," ಎಂದ ಅವನು. ಬಸ್ಸಿನ ದಾರಿಯುದ್ದಕ್ಕೂ ಅವಳಿಗೇನು ಹೇಳಬೇಕೆಂದು ಯೋಚಿಸಿದ. ಒಂದೂ ಹೊಳೆಯಲಿಲ್ಲ.

ಬಾಗಿಲು ತೆರೆದವಳ ಕಣ್ಣು ಊದಿತ್ತು. ಗಂಡ, ಮಗು ಹೊರಗೆ ಹೋಗಿದ್ದರು. "ಮನೆ ಹೇಗಿದೆ ನೋಡಿ," ಎಂದಳು. ಸೋಫಾದ ತುಂಬ ಒಗೆದ ಬಟ್ಟೆ ಬಿದ್ದಿತ್ತು. ಅವನು ಒಂದಷ್ಟನ್ನು ಸರಿಸಿ ಕೂತು, "ಹೇಗಿದ್ದೀಯ?" ಎಂದ. ಅವಳು ಅಳತೊಡಗಿದಳು. ಏನು ಮಾಡಲೂ ತೋಚದೆ ಅವನು ಒಂದು ಅಂಗಿ ತೆಗೆದು ಮಡಿಸಿದ.

"ಅಂಗಿ ಹಾಗಲ್ಲ ಮಡಿಸೋದು, ಭಾವ," ಎಂದು ಅವಳು ಅದನ್ನು ಕಸಿದುಕೊಂಡು ಬಿಡಿಸಿದಳು. ಅಳು ನಿಂತಿರಲಿಲ್ಲ. ಅವನು ಇನ್ನೊಂದನ್ನು ಕೈಗೆತ್ತಿಕೊಂಡ.