ದಾದಿಯ ಅಂಗೈಗೆ ಎಷ್ಟು ವ್ಯಾಟ್?

ವಾಸಿಂನ ಕಾರಿನ ಡಿಕ್ಕಿಯಲ್ಲಿದ್ದ ಸಬ್ ವೂಫರ್, ಅಂದರೆ ಹಾಡಿನ ಗುದ್ದು ಹೊರಡಿಸುವ ದೊಡ್ಡ ಸ್ಪೀಕರ್ ಡಬ್ಬ, ಸುಟ್ಟು ಹೋದದ್ದು ರಾಮನಗರದ ಅವನ ಬೀದಿಗೆಲ್ಲ ನಗೆಪಾಟಲಾಯಿತು. ನಗದವಳು ಒಬ್ಬಳೇ, ಅವನ ತಂಗಿ ನಿಖಾತ್. ಆ ಡಬ್ಬದ ಮೇಲೆ ದಿನಾ ಅಂಗೈ ಇಟ್ಟು ಕೂರುತ್ತಿದ್ದವರು ಅವಳ ಮುನ್ನೀದಾದಿ, ಅಪ್ಪನ ತಾಯಿ. ಜನ್ಮವೆಲ್ಲ ರೇಷ್ಮೆ ನೂಲು ತೆಗೆಯುವ ಮಿಷನ್ನುಗಳ ಗದ್ದಲದಲ್ಲೇ ಕಳೆದ ಜೀವ. ಈಗ ಕಿವಿ ಪೂರ್ತಿ ಹೋಗಿದೆ. ಹಾಡು ಅಂತ ಉಳಿದಿದ್ದೇ ಅಂಗೈಗೆ ತಾಗುವ ಆ ಗುದ್ದು. ಡಬ್ಬ ಸತ್ತ ಮೇಲೆ ದಾದಿ ಸಂಜೆ ಹೊತ್ತು ಕಾರಿನ ಹತ್ತಿರ ಹೋಗಿ, ಡಿಕ್ಕಿ ಮುಟ್ಟಿ, ಸುಮ್ಮನೆ ವಾಪಸು ಬರುತ್ತಿದ್ದರು.

ವಾಸಿಂ ಅದೇ ಥರದ ಹೊಸ ಸ್ಪೀಕರ್ ತಂದ. ತರುವಾಗಲೇ ಗುಡುಗಿದ: "ಇದೂ ಸುಟ್ರೆ ಮುಗೀತು. ಡಿಕ್ಕಿ ಖಾಲಿ ಮಾಡಿ ರೇಷ್ಮೆ ಗೂಡಿನ ಮೂಟೆ ತುಂಬ್ತೀನಿ."

ನಿಖಾತ್ ತಲೆಗೆ ಹುಳ ಬಿಟ್ಟುಕೊಂಡಳು. ಆಂಪ್ಲಿಫೈಯರ್ ಚಿಕ್ಕದು, ಸ್ಪೀಕರ್ ದೊಡ್ಡದು. ಚಿಕ್ಕದು ದೊಡ್ಡದನ್ನು ಸುಡುವುದೆಂದರೇನು?

ಕಾರಿಗೆ ಸೌಂಡ್ ಕೂರಿಸುವ ದೇವರಾಜು ಚನ್ನಪಟ್ಟಣದಿಂದ ಬಂದಾಗ ಅದನ್ನೇ ಕೇಳಿದಳು. ಅವನು ತಲೆ ಕೆರೆದುಕೊಂಡ.

"ನನ್ಗೂ ಅದೇ ಅರ್ಥ ಆಗ್ತಿಲ್ಲ ಕಣವ್ವ. ಚಿಕ್ಕ ಆಂಪಿದ್ರೆ ಸೇಫು ಅಂತ ನಾನೇ ಹಾಕ್ಕೊಟ್ಟಿದ್ದೆ."

"ಭಾಯ್, ಆಂಪಿನ ಆ ಗೇನ್ ತಿರುಪು ಎಲ್ಲಿಗೆ ಇಟ್ಟಿದ್ದೆ?" ನಿಖಾತ್ ಅಣ್ಣನ ಕಡೆ ತಿರುಗಿದಳು.

"ಕೊನೇವರ್ಗೂ. ಸಾಲ್ದು, ಸಾಲ್ದು ಅಂತ ದಾದಿ ಕೈ ಆಡ್ಸಿದ್ರು. ತಿರುಗಿಸ್ಬುಟ್ಟೆ."

ಪಾಪ, ಅವನಾದರೂ ಏನು ಮಾಡಿಯಾನು! ಬಿಸಿನೀರಿನಲ್ಲಿ ಬೇಯುವ ಗೂಡು ಎಳೆ ಬಿಡದಿದ್ದರೆ ಆವಿಯ ವಾಲ್ವು ಇನ್ನಷ್ಟು ತೆಗೆ ಎಂದು ಅಪ್ಪನಿಂದ ಕಲಿತ ಕೈ. ಆಂಪಿನ ತಿರುಪಿಗೂ ಅದೇ ಬುದ್ಧಿ ಓಡಿಸಿದ್ದ.

ದೇವರಾಜು ಹಣೆ ಚಚ್ಚಿಕೊಂಡ. "ಥೂ ನಿನ್ನ! ಗೇನು ವಾಲ್ಯೂಮ್ ಅಲ್ಲ ಕಣ್ಲಾ, ಒಳಕ್ಕೆ ಬರೋ ಸಿಗ್ನಲ್ಗೆ ಆಂಪನ್ನ ಹೊಂದಿಸೋ ತಿರುಪು. ನೂರೈವತ್ತು ವ್ಯಾಟಿನ ಆಂಪು, ಶಕ್ತಿ ಮೀರಿ ಕೇಳುದ್ರೆ ಸದ್ದಿನ ಅಲೆಯ ತಲೆ ಕತ್ತರಿಸಿ ಕಳುಸ್ತದೆ. ಆಗ ಅದ್ರಿಂದ ಹತ್ತತ್ರ ಎರಡರಷ್ಟು ಪವರ್ ಹೊಂಟೋಯ್ತದೆ. ಗಂಟೆಗಟ್ಲೆ ಹಂಗೇ ಬಿಟ್ರೆ ಸ್ಪೀಕರ್ ಒಳಗಿನ ತಂತಿ ಕಾಯಿಲು ಕಾದು ಕಾದು ಸುಟ್ಟೋಯ್ತದೆ."

"ಆದ್ರೆ ಸ್ಪೀಕರ್ ಮೇಲೆ ಸಾವಿರದಿನ್ನೂರು ವ್ಯಾಟು ಅಂತ ಬರ್ದೈತಲ್ಲ?" ನಿಖಾತ್ ಬಿಡಲಿಲ್ಲ.

"ಅದು ಒಂದು ಗಳಿಗೆಗೆ ತಡ್ಕೊಳೋದು. ಸತತವಾಗಿ ತಡ್ಕೊಳೋದು ಕೆಳಗಡೆ ಸಣ್ಣಕ್ಕೆ ಬರ್ದಿರೋ ಆರ್‌ಎಂಎಸ್ಸು. ಇನ್ನೂರೈವತ್ತೇ."

"ಹಂಗನ್ನಿ! ಗೂಡಿನ ತೂಕ ಬೇರೆ, ಅದ್ರಿಂದ ಬರೋ ರೇಷ್ಮೆ ತೂಕ ಬೇರೆ," ಎಂದಳು ನಿಖಾತ್. ಆ ಮನೆಯವರಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

ದೇವರಾಜು ಅಂಗಡಿಯಿಂದ ಬೇರೆ ಆಂಪ್ ತರಿಸಿದ. ಅದರ ಆರ್‌ಎಂಎಸ್ಸೂ ಇನ್ನೂರೈವತ್ತು, ಸ್ಪೀಕರಿನಂತೆಯೇ ನಾಲ್ಕು ಓಮ್ಸ್ ರೋಧಕ್ಕೆ. ವಾಸಿಂ ಹೌಹಾರಿದ.

"ಚಿಕ್ಕದೇ ಸುಟ್ಟಾಕ್ತು, ಇದು ಬೂದಿ ಮಾಡ್ಬುಡಲ್ವೇನ್ಲಾ?"

"ಇದಕ್ಕೆ ತಿಣುಕೋ ಕೆಲ್ಸ ಇಲ್ಲ ಕಣ್ಲಾ. ಅದು ತಡ್ಕೊಳೋವಷ್ಟನ್ನೇ ಸಲೀಸಾಗಿ ಕೊಡ್ತೈತೆ. ನೀನು ಆ ತಿರುಪು ಮುಟ್ಟದೆ ಇದ್ರೆ ಅಷ್ಟೇ."

ದೇವರಾಜು ಗುದ್ದು ಹೆಚ್ಚಿಸುವ ಬಾಸ್ ಬೂಸ್ಟ್ ಆಫ್ ಮಾಡಿ, ಸ್ಪೀಕರಿನ ತಂತಿ ಕಿತ್ತು, ಒಂದೇ ಸಮನೆ ಗುಂಯ್‌ಗುಡುವ ಸ್ವರ ಹಾಕಿದ. ವೋಲ್ಟ್ ಮೀಟರಿನ ಕಡ್ಡಿಗಳನ್ನು ನಿಖಾತ್ ಆಂಪಿನ ಸ್ಪೀಕರ್ ತುದಿಗಳಿಗೆ ಹಿಡಿದಳು. ಗೇನನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಿ, ಮೂವತ್ತು ವೋಲ್ಟು ತೋರಿಸಿದೊಡನೆ ನಿಲ್ಲಿಸಿದ. "ಮೂವತ್ತು ವೋಲ್ಟಂದ್ರೆ ಇನ್ನೂರಿಪ್ಪತ್ತೈದು ವ್ಯಾಟು. ಇನ್ನೂರೈವತ್ತಕ್ಕೆ ಒಸಿ ಕಮ್ಮೀನೇ ಇರ್ಲಿ," ಎಂದು ತಂತಿ ಮತ್ತೆ ಸೇರಿಸಿದ.

ಹಾಡು ಶುರುವಾಯಿತು. ಡಿಕ್ಕಿಯ ಮುಚ್ಚಳ ಮೊದಲಿನ ಹಾಗೆ ಗಡಗಡ ನಡುಗಲಿಲ್ಲ. ನಿಖಾತ್ ಮುಚ್ಚಳದ ಮೇಲೆ ಕೈಯಿಟ್ಟು ನೋಡಿದಳು. ಸ್ಪೀಕರ್ ಉಳಿದು ದಾದಿಗೇ ತಾಗದಿದ್ದರೆ ಉಳಿಸಿ ಏನು ಬಂತು?

ದಾದಿಯನ್ನು ಕರೆತಂದು ಡಬ್ಬದ ಪಕ್ಕ ಕೂರಿಸಿದರು. ಅಂಗೈ ಇಟ್ಟ ದಾದಿಯ ಮುಖ ಕಲ್ಲಿನ ಹಾಗಿತ್ತು. ವಾಸಿಂನ ಕೈ ತಾನಾಗಿ ತಿರುಪಿನ ಕಡೆ ಹೋಯಿತು. ನಿಖಾತ್ ಅವನ ಮಣಿಕಟ್ಟು ಹಿಡಿದಳು.

"ಒಂದ್ನಿಮಿಷ ತಡಿ ಭಾಯ್."

ಆಗ ದಾದಿಯ ಇನ್ನೊಂದು ಕೈ ನಿಖಾತಳ ಮಂಡಿಯ ಮೇಲೆ ತಟ್ಟತೊಡಗಿತು. ತಪ್ಪದ ತಾಳ. ಹಾಡಿನಲ್ಲಿ ಡೋಲು ನಿಂತಲ್ಲಿ ಬೆರಳೂ ನಿಂತಿತು. ಡೋಲು ಎದ್ದಾಗ ಬೆರಳೂ ಎದ್ದಿತು. ನಿಖಾತ್ ಅಣ್ಣನ ಮಣಿಕಟ್ಟು ಬಿಟ್ಟಳು.

"ಮೊದ್ಲು ಬರೀ ನಡುಗ್ತಿತ್ತು ಕಣಪ್ಪ, ನಮ್ ಮಿಷನ್ನಿನಂಗೆ," ಎಂದರು ದಾದಿ, ಕಿವುಡರ ದೊಡ್ಡ ದನಿಯಲ್ಲಿ. "ತಾಳ ಸಿಕ್ಕದೇ ಇನ್ನೂ ಹಾಕು ಅಂತಿದ್ದೆ. ಕೊನೆಗೆ ನೀವು ಬೇಜಾರು ಮಾಡ್ಕೋಬಾರ್ದು ಅಂತ ಚೆಂದಾಗೈತೆ ಅಂದೆ."

ವಾಸಿಂ ತಲೆ ತಗ್ಗಿಸಿ ಕೈ ಹಿಂದಕ್ಕೆ ತೆಗೆದುಕೊಂಡ. ಇದು ಯಾವ ಹಾಡು ಎಂದು ತೋರಿಸಲು ನಿಖಾತ್ ಫೋನನ್ನು ದಾದಿಯ ಮುಂದೆ ಹಿಡಿದಳು. ದಾದಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

"ತೋರುಸ್ಬೇಡ. ಯಾವ ಹಾಡು ಅಂತ ನಾನೇ ಕಂಡುಹಿಡೀತೀನಿ."